ಹಾಸಿಗೆಗೆ ದುಡ್ಡಿದೆ, ಹೆರಿಗೆ ಮಾಡಿಸಿದವಳಿಗಿಲ್ಲ: ವಿಮಾ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್.

ನಮಸ್ಕಾರ. ನಾನು ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೌಕರರ ಗುಂಪು ವಿಮೆಯ ಕ್ಲೈಮ್ ಕಾಗದಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದು ಹೋಗುತ್ತವೆ. ಯಾರಿಗೆ ಕಿಡ್ನಿ ಕಲ್ಲು ತೆಗೆದರು, ಯಾರ ಅಪ್ಪನಿಗೆ ಸ್ಟೆಂಟ್ ಹಾಕಿದರು, ಎಲ್ಲ ನನಗೆ ಗೊತ್ತಿರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಗೊತ್ತಿರುತ್ತದೆ. ನಮ್ಮಲ್ಲಿ ಬಹಳಷ್ಟು ಜನ ಮೂವತ್ತರ ಆಸುಪಾಸಿನವರು. ಹಾಗಾಗಿ ಹೆರಿಗೆಯ ಕ್ಲೈಮ್‌ಗಳೇ ಜಾಸ್ತಿ.

ಅಂಥ ಒಂದು ಕ್ಲೈಮ್ ಹೋದ ವೇಗದಲ್ಲೇ ವಾಪಸ್ ಬಂತು. ನಮ್ಮ ಸಹೋದ್ಯೋಗಿಯೊಬ್ಬರದು, ಎರಡನೇ ಮಗು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ. ವಿಮಾ ಕಂಪನಿಯ ಹೆಸರೂ ಬೇಡ. ಯಾವ ಕಂಪನಿಯಾಗಿದ್ದರೂ ಇದೇ ಉತ್ತರ ಬರುತ್ತಿತ್ತು, ಯಾಕಂದರೆ ಉತ್ತರ ಇರುವುದು ನಿಮ್ಮ ನಿಯಮಗಳಲ್ಲಿ.

ಅವರು ಮನೆಯಲ್ಲಿ ಹೆತ್ತರು. ದಾರಿ ಮಧ್ಯೆ ನೋವು ಬಂದು ಅಕಸ್ಮಾತ್ ಆದದ್ದಲ್ಲ. ತಿಂಗಳುಗಟ್ಟಲೆ ಯೋಚಿಸಿ, ತಯಾರಿ ಮಾಡಿ, ಬೇಕು ಅಂತಲೇ ಮಾಡಿಕೊಂಡ ಹೆರಿಗೆ. ಮೊದಲನೆಯದು ಸಹಜ ಹೆರಿಗೆಯಾಗಿತ್ತು. ಈ ಸಲ ಬಿಪಿ ಇಲ್ಲ, ಶುಗರ್ ಇಲ್ಲ, ಮಗು ತಲೆ ಕೆಳಗಾಗಿತ್ತು, ಸ್ಕ್ಯಾನ್ ಎಲ್ಲ ಸರಿ ಇತ್ತು. ಹೆರಿಗೆ ಡಾಕ್ಟರ ಹತ್ತಿರ ಕೊನೆಯವರೆಗೂ ತಪಾಸಣೆ ಮಾಡಿಸಿಕೊಂಡಿದ್ದರು. ಹತ್ತಿರದ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿದ್ದರು. ಹೆರಿಗೆ ಮಾಡಿಸಿದ ಮಿಡ್‌ವೈಫ್ ನರ್ಸಿಂಗ್ ಓದಿದವರು, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವವರು. ಜತೆಗೆ ಇನ್ನೊಬ್ಬ ತರಬೇತಾದ ನರ್ಸ್.

ಆ ಮಿಡ್‌ವೈಫ್ ಬರೆದಿಟ್ಟ ಕಾಗದಗಳು ಕ್ಲೈಮ್ ಜತೆ ನನ್ನ ಕೈಗೆ ಬಂದವು. ಗೆರೆ ಹಾಕಿದ ಉದ್ದ ಪುಸ್ತಕದ ಹಾಳೆಗಳ ಜೆರಾಕ್ಸ್. ನೋವು ಜೋರಾದ ಮೇಲೆ ಪ್ರತಿ ಹದಿನೈದು ನಿಮಿಷಕ್ಕೆ ಮಗುವಿನ ಎದೆಬಡಿತ. ತಾಯಿ ಮುಕ್ಕಲು ಶುರು ಮಾಡಿದ ಮೇಲೆ ಐದೈದು ನಿಮಿಷಕ್ಕೆ. ನಡುನಡುವೆ ತಾಯಿಯ ನಾಡಿ, ಬಿಪಿ. ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯಲು ಹತ್ತು ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್, ಕೊಟ್ಟ ಹೊತ್ತು ಸಮೇತ. ಮಾಸು ಎಷ್ಟು ಹೊತ್ತಿಗೆ ಬಿತ್ತು, ಪೂರ್ತಿ ಬಂದಿದೆಯಾ ನೋಡಿದ್ದು, ರಕ್ತ ಎಷ್ಟು ಹೋಯಿತು, ಹುಟ್ಟಿದ ಕೂಡಲೇ ಮಗು ಹೇಗಿದೆ ಅಂತ ನೋಡಿ ಕೊಡುವ ಆಪ್ಗಾರ್ ಅಂಕ, ವಿಟಮಿನ್ ಕೆ, ತೂಕ. ಒಂದು ಕಡೆ ಅಕ್ಷರ ಸೊಟ್ಟಗಾಗಿದೆ. ಮಗು ಹೊರಗೆ ಬರುತ್ತಿದ್ದ ಹೊತ್ತು ಅದು, ಪಕ್ಕದಲ್ಲಿ ಬರೆದ ಸಮಯ ನೋಡಿದರೆ ಗೊತ್ತಾಗುತ್ತದೆ. ಆಸ್ಪತ್ರೆಗಳಿಂದ ನನಗೆ ಬರುವ ಡಿಸ್ಚಾರ್ಜ್ ಸಮ್ಮರಿಗಳಲ್ಲಿ ಇಷ್ಟು ವಿವರ ಕಂಡದ್ದು ನೆನಪಿಲ್ಲ.

ಕ್ಲೈಮ್ ತಿರಸ್ಕಾರವಾಯಿತು. ಕಾರಣ ಒಂದೇ ಸಾಲು. ಆಸ್ಪತ್ರೆಗೆ ದಾಖಲಾಗಿಲ್ಲ, ಒಳರೋಗಿ ದಾಖಲೆ ಇಲ್ಲ.

ಅದೇ ಸುಮಾರಿಗೆ ಇನ್ನೊಬ್ಬ ಸಹೋದ್ಯೋಗಿಗೆ ಸಿಸೇರಿಯನ್ ಆಯಿತು. ಕ್ಯಾಶ್‌ಲೆಸ್, ಕೂತಲ್ಲೇ ಒಪ್ಪಿಗೆ. ನಮ್ಮ ಪಾಲಿಸಿಯಲ್ಲಿ ಸಿಸೇರಿಯನ್‌ಗೆ ಮಿತಿ ಸಹಜ ಹೆರಿಗೆಗಿಂತ ಜಾಸ್ತಿ. ಆ ಸಿಸೇರಿಯನ್ ಬೇಕಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಆದರೆ ವಿಮಾ ಕಂಪನಿಗೂ ಆ ಪ್ರಶ್ನೆ ಬರಲಿಲ್ಲ ನೋಡಿ. ಮನೆಯಲ್ಲಿ ಹೆತ್ತವರಿಗೆ ಮಾತ್ರ ಪ್ರಶ್ನೆ.

ನಿಮ್ಮ ಕ್ಲೈಮ್ ಫಾರ್ಮ್ ಒಮ್ಮೆ ತೆಗೆದು ನೋಡಿ ಸರ್. ಎ ಭಾಗ ನಾವು ತುಂಬಬೇಕು, ಬಿ ಭಾಗ ಆಸ್ಪತ್ರೆ. ಆಸ್ಪತ್ರೆಗೆ ಸೇರಿದ್ದು ಯಾತಕ್ಕೆ ಅನ್ನುವ ಕಡೆ ಮೂರು ಚೌಕ ಇವೆ: ಗಾಯ, ಕಾಯಿಲೆ, ಹೆರಿಗೆ. ಆಮೇಲೆ ರೂಮಿನ ವಿಚಾರ. ಒಬ್ಬರದ್ದಾ, ಇಬ್ಬರದ್ದಾ, ಮೂರು ಹಾಸಿಗೆಯದ್ದಾ. ಬಿ ಭಾಗಕ್ಕೆ ಬಂದರೆ ಎಷ್ಟು ಹಾಸಿಗೆ ಇವೆ, ಆಪರೇಷನ್ ಥಿಯೇಟರ್ ಇದೆಯಾ, ಐಸಿಯು ಇದೆಯಾ. ಡಾಕ್ಟರ ನೋಂದಣಿ ಸಂಖ್ಯೆಗೆ ಜಾಗ ಇದೆ. ಮಿಡ್‌ವೈಫ್ ನೋಂದಣಿ ಸಂಖ್ಯೆಗೆ ಜಾಗವೇ ಇಲ್ಲ. ನಮ್ಮ ದೇಶದಲ್ಲಿ ನರ್ಸಿಂಗ್ ಕೌನ್ಸಿಲ್‌ಗಳು ಕೊಡುವ ನೋಂದಣಿಯಲ್ಲಿ ನರ್ಸ್ ಅನ್ನುವುದರ ಪಕ್ಕದಲ್ಲೇ ಮಿಡ್‌ವೈಫ್ ಅಂತಲೂ ಇರುತ್ತದೆ. ಸರ್ಕಾರ ಮುದ್ರೆ ಹೊಡೆದು ಕೊಟ್ಟ ಆ ಹುದ್ದೆಗೆ ನಿಮ್ಮ ಫಾರ್ಮ್‌ನಲ್ಲಿ ಒಂದು ಖಾಲಿ ಗೆರೆ ಕೂಡ ಇಲ್ಲ.

ಫಾರ್ಮ್ ಬಿಡಿ, ವ್ಯಾಖ್ಯೆಗಳಿಗೆ ಬನ್ನಿ. ನಿಮ್ಮ ಪ್ರಕಾರ ಆಸ್ಪತ್ರೆ ಅಂದರೆ ಕಾನೂನಿನಡಿ ಆಸ್ಪತ್ರೆ ಅಂತ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಲ್ಲಿ ಕನಿಷ್ಠ 10 ಹಾಸಿಗೆ, ಬೇರೆ ಕಡೆ 15 ಹಾಸಿಗೆ ಇರಬೇಕು. ಹಗಲೂ ರಾತ್ರಿ ಡಾಕ್ಟರು, ನರ್ಸುಗಳು, ಸ್ವಂತ ಆಪರೇಷನ್ ಥಿಯೇಟರ್ ಇರಬೇಕು. ದಾಖಲಾತಿ ಅಂದರೆ ಸತತ 24 ಗಂಟೆ. ಹೆರಿಗೆ ವೆಚ್ಚ ಅಂದರೇನು ಅಂತ ಬರೆದಿರುವಾಗಲೂ ಆಸ್ಪತ್ರೆಗೆ ದಾಖಲಾಗಿರುವಾಗ ಅನ್ನುವ ಮಾತು ಒಳಗೆ ಕೂತಿದೆ. ಇನ್ನು 2019ರಲ್ಲಿ ನೀವು ಎಲ್ಲ ಕಂಪನಿಗಳಿಗೂ ಒಂದೇ ಥರದ ಹೊರಗಿಡುವ ಪಟ್ಟಿ ಮಾಡಿಕೊಟ್ಟಿರಿ. ಅದರಲ್ಲಿ 18ನೇ ಸಂಖ್ಯೆಯದು ಹೆರಿಗೆ. ಅಂದರೆ ಕಂಪನಿ ಬೇಕಿದ್ದರೆ ಹೆರಿಗೆಯನ್ನೇ ಪೂರ್ತಿ ಬಿಡಬಹುದು. ಸ್ವಂತಕ್ಕೆ ಪಾಲಿಸಿ ಕೊಂಡವರಿಗೆ ಹೆರಿಗೆ ಸೌಲಭ್ಯ ಬೇಕಿದ್ದರೆ ಬೇರೆ ದುಡ್ಡು, ಮೇಲೆ ಎರಡು ಮೂರು ವರ್ಷ ಕಾಯುವ ಅವಧಿ. ಮದುವೆಗೆ ಮುಂಚೆಯೇ ಮಗುವಿನ ಲೆಕ್ಕ ಹಾಕಿ ಪಾಲಿಸಿ ಕೊಂಡವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಮನೆಯಲ್ಲಿ ಚಿಕಿತ್ಸೆ ಪಡೆದರೂ ದುಡ್ಡು ಕೊಡುವ ಡೊಮಿಸಿಲಿಯರಿ ಅನ್ನುವ ಷರತ್ತು ಇದೆಯಲ್ಲ, ಅದನ್ನೂ ಓದಿದೆ. ರೋಗಿಯನ್ನು ಆಸ್ಪತ್ರೆಗೆ ಸಾಗಿಸಲಾಗದ ಸ್ಥಿತಿ ಇರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿರಬೇಕು. ನನ್ನ ಸಹೋದ್ಯೋಗಿಗೆ ಎರಡೂ ಅನ್ವಯಿಸಲಿಲ್ಲ. ಅವರು ಆರೋಗ್ಯವಾಗಿದ್ದರು. ಅದೇ ತೊಡಕಾಯಿತು ಅನ್ನಿ.

ಇಷ್ಟು ಓದಿದ ಮೇಲೆ ನಿಮಗೆ, ಈ ಪತ್ರ ಓದುವ ಬೇರೆಯವರಿಗೂ, ಒಂದು ಮಾತು ನಾಲಿಗೆ ತುದಿಗೆ ಬಂದಿರುತ್ತದೆ. ಈ ಕಾಲದಲ್ಲಿ ಮನೆ ಹೆರಿಗೆನಾ? ಹುಚ್ಚಾ? ನಮ್ಮ ಆಫೀಸಿನಲ್ಲೂ ಇದೇ ಮಾತು ಬಂತು. ನಮ್ಮಮ್ಮನಂತೂ ಇನ್ನೂ ಜೋರಾಗಿ ಅಂದರು. ಅವರ ಅಕ್ಕ ಹೆರಿಗೆಯಲ್ಲೇ ಹೋದವರು. ಆ ಭಯ ಸುಮ್ನೆ ಬಂದದ್ದಲ್ಲ.

ಹಾಗಾಗಿ ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಎಲ್ಲರೂ ಮನೆಯಲ್ಲೇ ಹೆರಿ ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ತಿರುಪ್ಪೂರಿನಲ್ಲಿ ವಿಡಿಯೋ ನೋಡಿಕೊಂಡು ಮನೆಯಲ್ಲಿ ಹೆರಿಗೆ ಮಾಡಿಕೊಳ್ಳಲು ಹೋಗಿ ತಾಯಿ ತೀರಿಕೊಂಡರು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಮನೆ ಹೆರಿಗೆಯ ನಂತರ ಇನ್ನೊಬ್ಬ ತಾಯಿ. ಅಂಥ ಹೆರಿಗೆಗೂ ನಾನು ಮಾತಾಡುತ್ತಿರುವ ಹೆರಿಗೆಗೂ ಸಂಬಂಧವಿಲ್ಲ. ಆದರೆ ಒಂದು ವಿಚಾರ ಗಮನಿಸಿ. ನಿಮ್ಮ ಇವತ್ತಿನ ನಿಯಮದ ಕಣ್ಣಿಗೆ ಎರಡೂ ಒಂದೇ. ತರಬೇತಾದ ಮಿಡ್‌ವೈಫ್ ಇದ್ದರೂ ಸೊನ್ನೆ, ಮೊಬೈಲ್ ಮಾತ್ರ ಇದ್ದರೂ ಸೊನ್ನೆ. ಸರಿಯಾಗಿ ಮಾಡುವವರಿಗೆ ದುಡ್ಡು ಬರಲ್ಲ, ಹಾಗಾಗಿ ಸರಿಯಾಗಿ ಮಾಡುವವರ ಸಂಖ್ಯೆ ಬೆಳೆಯಲ್ಲ. ದುಡ್ಡು ಉಳಿಸಲು ಜನ ಎರಡನೇ ನರ್ಸನ್ನು ಬಿಡುತ್ತಾರೆ. ಆಮೇಲೆ ಮಿಡ್‌ವೈಫನ್ನೂ ಬಿಡುತ್ತಾರೆ.

ವಿಮೆ ದುಡ್ಡು ಕೊಡಲು ಶುರು ಮಾಡಿದರೆ ಷರತ್ತು ಹಾಕುವ ಅಧಿಕಾರ ಬರುತ್ತದೆ. ಯಾರ ಹತ್ತಿರ, ಯಾವ ತಪಾಸಣೆಯ ನಂತರ, ಆಸ್ಪತ್ರೆಯಿಂದ ಎಷ್ಟು ದೂರದಲ್ಲಿ, ಯಾವ ದಾಖಲೆಯೊಂದಿಗೆ ಅಂತೆಲ್ಲ ಕೇಳಬಹುದು. ಈಗ ಏನೂ ಕೊಡದಿರುವುದರಿಂದ ಏನೂ ಕೇಳುವ ಹಾಗಿಲ್ಲ. ನಾನು ಈ ಪತ್ರ ಬರೆಯುತ್ತಿರುವುದೇ ಇದನ್ನು ಹೇಳಲು.

ಅಪಾಯದ ಲೆಕ್ಕ ಮುಚ್ಚಿಡುವ ಅಗತ್ಯವೂ ಇಲ್ಲ. ಇಂಗ್ಲೆಂಡಿನಲ್ಲಿ ಸುಮಾರು 64 ಸಾವಿರ ಕಡಿಮೆ ಅಪಾಯದ ಗರ್ಭಿಣಿಯರನ್ನು ಗಮನಿಸಿದ ಒಂದು ದೊಡ್ಡ ಅಧ್ಯಯನ 2011ರಲ್ಲಿ ಬಂತು. ಎರಡನೇ ಅಥವಾ ಆಮೇಲಿನ ಹೆರಿಗೆಯವರಲ್ಲಿ ಮನೆಗೂ ಆಸ್ಪತ್ರೆಗೂ ಮಗುವಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲ ಹೆರಿಗೆಯವರಲ್ಲಿ ಕಂಡಿತು. ಮಗುವಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಇದನ್ನೆಲ್ಲ ನೋಡಿಯೇ ಅಲ್ಲಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2014ರಲ್ಲಿ ಹೇಳಿತು: ಎಲ್ಲಿ ಹೆರಬೇಕು ಅನ್ನುವುದು ಹೆಂಗಸಿನ ಆಯ್ಕೆ, ಅಂಕಿ ಅಂಶ ಅವಳ ಮುಂದಿಡಿ, ಮೊದಲ ಹೆರಿಗೆಯವಳಿಗೆ ಈ ವ್ಯತ್ಯಾಸ ತಿಳಿಸಿ. ಖರ್ಚಿನ ಲೆಕ್ಕವನ್ನೂ ಹಾಕಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ಸರಾಸರಿ ಸುಮಾರು 1,630 ಪೌಂಡ್, ಮನೆಯಲ್ಲಿ ಅಂದುಕೊಂಡ ಹೆರಿಗೆಗೆ ಸುಮಾರು 1,070. ಮಧ್ಯೆ ಆಸ್ಪತ್ರೆಗೆ ಹೋಗಬೇಕಾಗಿ ಬಂದವರ ಖರ್ಚೂ ಇದರಲ್ಲಿ ಸೇರಿದೆ.

ಇಂಗ್ಲೆಂಡಿನ ಲೆಕ್ಕ ಬೆಂಗಳೂರಿಗೆ ಹಾಗೇ ಅಂಟಲ್ಲ, ಗೊತ್ತು. ಅಲ್ಲಿನ ಆಂಬುಲೆನ್ಸ್ ಬೇರೆ, ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಬೇರೆ. ಅದಕ್ಕೇ ಷರತ್ತು ಹಾಕುವಾಗ ಕಿಲೋಮೀಟರ್ ನೋಡಬೇಡಿ, ನಿಮಿಷ ನೋಡಿ ಅನ್ನುತ್ತೇನೆ. ಅದೂ ಸಂಜೆ ಆರು ಗಂಟೆಯ ನಿಮಿಷ.

ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ ಅಂಕಿ. ಮನೆಯಲ್ಲಿ ಹೆರಬೇಕು ಅಂದುಕೊಂಡ ಮೊದಲ ಹೆರಿಗೆಯವರಲ್ಲಿ ಶೇ 45ರಷ್ಟು ಜನ ಮಧ್ಯದಲ್ಲಿ ಅಥವಾ ಹೆರಿಗೆ ಆದ ಕೂಡಲೇ ಆಸ್ಪತ್ರೆಗೆ ಹೋದರು. ಆಮೇಲಿನ ಹೆರಿಗೆಯವರಲ್ಲಿ ಶೇ 12. ಇದು ಮನೆ ಹೆರಿಗೆ ಸೋತದ್ದರ ಲೆಕ್ಕ ಅಲ್ಲ. ವ್ಯವಸ್ಥೆ ಕೆಲಸ ಮಾಡಿದ್ದರ ಲೆಕ್ಕ. ನೋವು ಮುಂದುವರಿಯುತ್ತಿಲ್ಲ, ಎದೆಬಡಿತ ಸರಿ ಇಲ್ಲ, ತಾಯಿ ಸುಸ್ತಾದರು ಅಂದ ತಕ್ಷಣ ಹೊರಟರು. ಆಸ್ಪತ್ರೆಯವರು ಬೈಯದೆ ಬಾಗಿಲು ತೆರೆದರು. ದುಡ್ಡು ಯಾರು ಕೊಡುತ್ತಾರೆ ಅನ್ನುವ ಯೋಚನೆ ಯಾರಿಗೂ ಬರಲಿಲ್ಲ, ಯಾಕಂದರೆ ಎರಡೂ ಕಡೆಯ ಖರ್ಚು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನದ್ದೇ.

ನಮ್ಮಲ್ಲಿ ಇದನ್ನು ಹೇಗೆ ಕೆಡಿಸಬಹುದು ಅಂತ ಕ್ಲೈಮ್ ಕಾಗದ ನೋಡುವ ನಾನು ಈಗಲೇ ಹೇಳಬಲ್ಲೆ. ನಾಳೆ ಯಾವುದೋ ಕಂಪನಿ ಮನೆ ಹೆರಿಗೆಗೆ ಒಂದು ಪ್ಯಾಕೇಜ್ ತರುತ್ತದೆ ಅಂದುಕೊಳ್ಳಿ. ಮನೆಯಲ್ಲೇ ಮುಗಿದರೆ ಮಾತ್ರ ಮಿಡ್‌ವೈಫ್‌ಗೆ ದುಡ್ಡು, ಆಸ್ಪತ್ರೆಗೆ ಹೋದರೆ ಆಸ್ಪತ್ರೆಗೆ ಮಾತ್ರ, ಅಂತ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಆಗ ಏನಾಗುತ್ತದೆ? ರಾತ್ರಿ ಎರಡು ಗಂಟೆಗೆ ಹೊರಡೋಣ ಅನ್ನಬೇಕಾದ ಮಿಡ್‌ವೈಫ್ ಇನ್ನೊಂದು ಅರ್ಧ ಗಂಟೆ ನೋಡೋಣ ಅನ್ನುತ್ತಾಳೆ. ಮನೆಯವರೂ ನೋಡೋಣ ಅನ್ನುತ್ತಾರೆ. ಆ ಅರ್ಧ ಗಂಟೆಯಲ್ಲೇ ಜೀವ ಹೋಗುವುದು. ಆದ್ದರಿಂದ ಎರಡಕ್ಕೂ ಸೇರಿ ದುಡ್ಡು ಕೊಡಬೇಕು. ಮಿಡ್‌ವೈಫ್‌ನ ಕೆಲಸಕ್ಕೆ ಪೂರ್ತಿ, ಆಂಬುಲೆನ್ಸ್‌ಗೆ, ಆಮೇಲೆ ಆಸ್ಪತ್ರೆಗೆ. ಹೊರಟಿದ್ದಕ್ಕೆ ಒಂದು ರೂಪಾಯಿ ಕೂಡ ಕಡಿತ ಆಗಬಾರದು. ಇದೊಂದನ್ನು ಬರೆಯುವುದಿಲ್ಲ ಅಂತಾದರೆ ದಯವಿಟ್ಟು ಈ ಸೌಲಭ್ಯ ತರಲೇಬೇಡಿ. ಈಗಿರುವುದೇ ವಾಸಿ.

ಮನೆಯಲ್ಲಿ ಆದ ಚಿಕಿತ್ಸೆಗೆ ವಿಮೆ ದುಡ್ಡು ಕೊಡುವುದು ಹೊಸದೇನಲ್ಲ, ನೀವೇ ಮಾಡಿಸಿದ್ದೀರಿ. 2020ರ ಜುಲೈನಲ್ಲಿ ಕೊರೋನಾ ಕವಚ್ ಪಾಲಿಸಿ ತಂದಾಗ ಮನೆಯಲ್ಲೇ 14 ದಿನದವರೆಗಿನ ಚಿಕಿತ್ಸೆಯನ್ನು ಸೇರಿಸಿದ್ದಿರಿ. ಡಾಕ್ಟರು ಸಲಹೆ ಕೊಟ್ಟಿರಬೇಕು, ದಿನಾ ನಿಗಾ ಇರಬೇಕು, ದಿನದ ಚಾರ್ಟಿಗೆ ಸಹಿ ಇರಬೇಕು ಅಂತ ಷರತ್ತು ಹಾಕಿದ್ದಿರಿ. ಆಕ್ಸಿಮೀಟರ್, ಆಕ್ಸಿಜನ್ ಸಿಲಿಂಡರ್ ಕೂಡ ಅದರಲ್ಲಿ ಸೇರಿತ್ತು. ಆಗ ಹಾಸಿಗೆ ಇರಲಿಲ್ಲ, ಹಾಗಾಗಿ ಮನೆಯೇ ವಾರ್ಡ್ ಆಯಿತು. ಆ ಕಾಗದ ಇನ್ನೂ ನಿಮ್ಮ ಕಡತದಲ್ಲಿದೆ. ಕೊರೋನಾ ಇದ್ದ ಜಾಗದಲ್ಲಿ ಹೆರಿಗೆ ಅಂತ ಬರೆದು ಒಮ್ಮೆ ಓದಿ ನೋಡಿ, ಅರ್ಧ ಕೆಲಸ ಆಗಿದೆ. ಮಾನಸಿಕ ಕಾಯಿಲೆಯನ್ನೂ ಕಂಪನಿಗಳು ಹೊರಗಿಟ್ಟಿದ್ದವು. 2017ರ ಕಾಯ್ದೆ ಬಂತು, 2018ರಲ್ಲಿ ನೀವು ಸುತ್ತೋಲೆ ಹೊರಡಿಸಿದಿರಿ, ಒಳಗೆ ಬಂತು. ಆಯುಷ್ ಚಿಕಿತ್ಸೆಯನ್ನೂ ಬೇರೆ ಚಿಕಿತ್ಸೆಗೆ ಸಮನಾಗಿ ನೋಡಿ ಅಂತ 2024ರಲ್ಲಿ ಹೇಳಿದಿರಿ. ಯಾವುದೂ ತಾನಾಗಿ ಬರಲಿಲ್ಲ.

ಸರ್ಕಾರದ ಬೇರೆ ಇಲಾಖೆಗಳು ಮನೆ ಹೆರಿಗೆಯನ್ನು ಎಂದೋ ಲೆಕ್ಕಕ್ಕೆ ತೆಗೆದುಕೊಂಡಿವೆ. ಮನೆಯಲ್ಲಿ ಹುಟ್ಟಿದ ಮಗುವಿಗೂ 21 ದಿನದೊಳಗೆ ಹೇಳಿದರೆ ಜನನ ಪ್ರಮಾಣಪತ್ರ ಸಿಗುತ್ತದೆ. 2005ರಿಂದ ಇರುವ ಜನನಿ ಸುರಕ್ಷಾ ಯೋಜನೆಯಲ್ಲಿ ಮನೆಯಲ್ಲಿ ಹೆತ್ತ ಬಡ ತಾಯಿಗೆ 500 ರೂಪಾಯಿ ಇದೆ. ನಮ್ಮ ಹಳ್ಳಿಗಳಲ್ಲಿ ಆಸ್ಪತ್ರೆಗೆ ಹೋದರೆ 700. ಆಶಾ ಕಾರ್ಯಕರ್ತೆ ಹಸುಗೂಸನ್ನು ನೋಡಲು ಮನೆಗೆ ಬರುವ ವೇಳಾಪಟ್ಟಿಯಲ್ಲೂ ಎರಡು ಸಾಲು ಇವೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಆರು ಭೇಟಿ, ಮನೆಯಲ್ಲಿ ಹುಟ್ಟಿದ ಮಗುವಿಗೆ ಏಳು. ಮೊದಲ ದಿನವೇ ಒಂದು ಜಾಸ್ತಿ. ನೋಡಿ, ಸಂಬಳಕ್ಕೆ ಪರದಾಡುವ ಆಶಾಗೆ ಈ ಕೆಲಸ ಇದೆ. ಕಂತು ಕಟ್ಟಿಸಿಕೊಳ್ಳುವ ವಿಮೆಗಿಲ್ಲ. ನಮ್ಮ ಕಂಪನಿಯೂ ಹೆರಿಗೆ ರಜೆ 26 ವಾರ ಕೊಡುವಾಗ ಮಗು ಎಲ್ಲಿ ಹುಟ್ಟಿತು ಅಂತ ಕೇಳಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಮಿಡ್‌ವೈಫರಿ ಮಾರ್ಗಸೂಚಿ ತಂದಿತು. ನರ್ಸ್‌ಗಳಿಗೆ 18 ತಿಂಗಳ ತರಬೇತಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಘಟಕ. ನಿಮ್ಮ ಪಕ್ಕದಲ್ಲೇ, ತೆಲಂಗಾಣ ಸರ್ಕಾರ ಅದಕ್ಕೂ ಮುಂಚೆ 2017ರಲ್ಲಿ ಕರೀಂನಗರದಲ್ಲಿ ಇಂಥ ತರಬೇತಿ ಶುರು ಮಾಡಿತ್ತು. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಅದರ ಹೆಸರಿನಲ್ಲೇ ಮಿಡ್‌ವೈಫರಿ ಇದೆ. ಇವರೆಲ್ಲ ತರಬೇತಾಗಿ ಹೊರಗೆ ಬಂದ ಮೇಲೆ ಇವರ ಬಿಲ್ಲಿಗೆ ಯಾರು ದುಡ್ಡು ಕೊಡುತ್ತಾರೆ? ನನ್ನ ಬೇಡಿಕೆ ಇಲ್ಲಿ ಮನೆಯಿಂದ ಆಚೆಗೂ ಹೋಗುತ್ತದೆ. ಮಿಡ್‌ವೈಫ್ ಮಾಡಿಸುವ ಹೆರಿಗೆ ಮನೆಯಲ್ಲಿರಲಿ, ನಾಲ್ಕೇ ಹಾಸಿಗೆಯ ಬರ್ತ್ ಸೆಂಟರ್‌ನಲ್ಲಿರಲಿ, ದೊಡ್ಡ ಆಸ್ಪತ್ರೆಯ ಒಂದು ಕೋಣೆಯಲ್ಲಿರಲಿ, ಅವಳ ಕೆಲಸಕ್ಕೆ ಬೆಲೆ ಇರಬೇಕು. ಬರ್ತ್ ಸೆಂಟರ್‌ನಲ್ಲಿ ಬೆಳಿಗ್ಗೆ ಹೆತ್ತು ಸಂಜೆ ಮನೆಗೆ ಹೋದವರ ಕ್ಲೈಮ್ ಕೂಡ ಆ 24 ಗಂಟೆಯ ಮುಳ್ಳಿಗೆ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ.

ಕರ್ನಾಟಕದವರಿಗೆ ಈ ಕೆಲಸದ ಬೆಲೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಕೊಟ್ಟೆವು. ಅದೇ ವರ್ಷ ಡಿಸೆಂಬರ್ 25ಕ್ಕೆ ಅವರು ತೀರಿಕೊಂಡರು. ಜೀವನಪೂರ್ತಿ ಅವರು ಈ ಕೆಲಸವನ್ನು ಬಿಟ್ಟಿಯಾಗಿಯೇ ಮಾಡಿದರು ಅಂತ ನಾವು ಹೊಗಳುತ್ತೇವೆ. ನನಗೆ ಆ ಹೊಗಳಿಕೆ ಕೇಳಿದಾಗೆಲ್ಲ ಇರಿಸುಮುರಿಸು. ಹೆಂಗಸರು ಹೆಂಗಸರಿಗೆ ಮಾಡುವ ಕೆಲಸ ಪುಣ್ಯದ ಲೆಕ್ಕಕ್ಕೆ ಹೋಗುತ್ತದೆ, ಬಿಲ್ಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ಈಗ ಓದಿ, ನೋಂದಣಿ ಮಾಡಿಸಿಕೊಂಡು, ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಹಿಡಿದು ಬರುವ ಹುಡುಗಿಗೂ ಪದ್ಮಶ್ರೀ ಬರುವವರೆಗೆ ಕಾಯಮ್ಮ ಅನ್ನಬೇಕಾ?

ಹೊರದೇಶದ ಕತೆ ಜಾಸ್ತಿ ಹೇಳಲ್ಲ. ಆದರೆ ನೆದರ್‌ಲ್ಯಾಂಡ್ಸ್‌ನದು ಹೇಳಲೇಬೇಕು, ಐಂಡ್‌ಹೋವನ್ ಕಡೆ ಕೆಲಸಕ್ಕೆ ಹೋದ ನಮ್ಮ ಕನ್ನಡದ ಹುಡುಗಿಯರು ಫೋನ್ ಮಾಡಿ ಹೇಳುವುದೇ ಇದನ್ನು. ಅಲ್ಲಿ ಎಲ್ಲರಿಗೂ ಕಡ್ಡಾಯವಾದ ಮೂಲ ವಿಮೆಯೇ ಮಿಡ್‌ವೈಫ್ ಖರ್ಚು ಕೊಡುತ್ತದೆ. ಮನೆಯಲ್ಲಿ ಹೆತ್ತರೆ ಅದಕ್ಕೆ ಕೈಯಿಂದ ಕೊಡಬೇಕಿಲ್ಲ. ವೈದ್ಯಕೀಯ ಕಾರಣ ಇಲ್ಲದೆ ನಿಮಗೇ ಬೇಕು ಅಂತ ಆಸ್ಪತ್ರೆಗೆ ಹೋದರೆ ಸ್ವಲ್ಪ ಪಾಲು ನೀವೇ ಕೊಡಬೇಕು! ನಮ್ಮದರ ಪೂರ್ತಿ ತಿರುವುಮುರುವು. ಹೆರಿಗೆ ಆದ ಮೇಲೆ ಒಂದು ವಾರದಷ್ಟು ದಿನ ತರಬೇತಾದ ಒಬ್ಬಾಕೆ ಮನೆಗೆ ಬರುತ್ತಾಳೆ. ತಾಯಿ ಮಗುವನ್ನು ನೋಡಿಕೊಳ್ಳುತ್ತಾಳೆ, ಹಾಲು ಕುಡಿಸುವುದು ಕಲಿಸುತ್ತಾಳೆ, ಬಟ್ಟೆಯನ್ನೂ ಒಗೆದು ಹಾಕುತ್ತಾಳೆ. ನಮ್ಮಲ್ಲಿ ತವರಿನವರು ಮಾಡುವ ಬಾಣಂತನದ ಒಂದು ಪಾಲು ಅಲ್ಲಿ ವಿಮೆಯದು. ತವರು ಏಳೆಂಟು ಸಾವಿರ ಕಿಲೋಮೀಟರ್ ದೂರ ಇರುವ ಹುಡುಗಿಗೆ ಅದರ ಬೆಲೆ ಕೇಳಿ ನೋಡಿ. ಇಷ್ಟೆಲ್ಲ ಕೊಟ್ಟರೂ ಅಲ್ಲಿ ಮನೆ ಹೆರಿಗೆ ಕಡಿಮೆಯಾಗಿದೆ. ಈ ಶತಮಾನದ ಶುರುವಿನಲ್ಲಿ ಮೂರಕ್ಕೊಂದರ ಹತ್ತಿರ ಇದ್ದದ್ದು ಈಗ ಐದಕ್ಕೊಂದಕ್ಕಿಂತ ಕಮ್ಮಿ. ಹಾಗಾಗಿ ವಿಮೆ ಕೊಟ್ಟರೆ ಎಲ್ಲರೂ ಮನೆಯಲ್ಲೇ ಹೆರುತ್ತಾರೆ ಅನ್ನುವ ಭಯ ಬೇಡ.

ನಮ್ಮಲ್ಲಂತೂ ಆ ಭಯಕ್ಕೆ ಜಾಗವೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದು ಸಣ್ಣ ಸಾಧನೆಯಲ್ಲ. ಅಮ್ಮನ ಅಕ್ಕನ ಕಾಲದಲ್ಲಿ ಇದು ಇದ್ದಿದ್ದರೆ ಅನ್ನಿಸುತ್ತದೆ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಾಲು: ನಮ್ಮ ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ದೇಶದ ಖಾಸಗಿ ಆಸ್ಪತ್ರೆಗಳನ್ನು ಮಾತ್ರ ನೋಡಿದರೆ ಶೇ 47.4. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಹೇಳಿದ್ದು 10ರಿಂದ 15. ಸಿಸೇರಿಯನ್ ಜೀವ ಉಳಿಸುತ್ತದೆ, ಸರಿ. ಎರಡರಲ್ಲಿ ಒಂದು ಹೆರಿಗೆಗೆ ಅದು ಬೇಕಾ? ಕೊಯ್ದರೆ ಜಾಸ್ತಿ, ಕಾದರೆ ಕಮ್ಮಿ ಅನ್ನುವ ಪಾಲಿಸಿ ಮಿತಿಗಳಿಗೆ ಇದರಲ್ಲಿ ಏನೂ ಪಾತ್ರ ಇಲ್ಲ ಅಂತ ನೀವು ಹೇಳಿದರೆ ನಾನು ನಂಬಲ್ಲ. ಆಸ್ಪತ್ರೆ ಅಂದ ಮಾತ್ರಕ್ಕೆ ಸುರಕ್ಷಿತ ಅನ್ನುವ ಹಾಗೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ನರಕ್ಕೆ ಹಾಕಿದ ದ್ರಾವಣದ ಮೇಲೆ ಸಂಶಯ ಬಂತು. ಇಡೀ ರಾಜ್ಯ ನಡುಗಿತು.

ಇನ್ನೊಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಈ ಪತ್ರವನ್ನು ಯಾರೋ ತಪ್ಪಾಗಿ ಬಳಸುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಿಂದ ಗರ್ಭಿಣಿಯರನ್ನು ಡೋಲಿಯಲ್ಲಿ ಹೊತ್ತು ತರುವ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ಅವರು ಮನೆಯಲ್ಲಿ ಹೆತ್ತರೆ ಅದು ಆಯ್ಕೆಯಲ್ಲ. ಅವರಿಗೆ ರಸ್ತೆ ಬೇಕು, 108 ಬೇಕು, ಹತ್ತಿರದಲ್ಲಿ ಡಾಕ್ಟರು ಬೇಕು. ಮನೆ ಹೆರಿಗೆಗೂ ವಿಮೆ ಇದೆಯಲ್ಲ ಅಂತ ಹೇಳಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು. ನಾನು ಕೇಳುತ್ತಿರುವುದು ಆಸ್ಪತ್ರೆ ಕೈಗೆಟುಕುವಲ್ಲಿರುವ ತಾಯಿಯ ವಿಚಾರ. ಅದಿಲ್ಲದೆ ಸುರಕ್ಷಿತ ಮನೆ ಹೆರಿಗೆ ಅನ್ನುವುದೇ ಇಲ್ಲ.

ಮಿಡ್‌ವೈಫ್‌ಗೂ ವಿಮೆ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ಪರಿಹಾರ ಕೊಡುವ ವೃತ್ತಿ ವಿಮೆ. ಬ್ರಿಟನ್ನಿನಲ್ಲಿ 2017ರಲ್ಲಿ ಸ್ವತಂತ್ರ ಮಿಡ್‌ವೈಫ್‌ಗಳ ಈ ವಿಮೆ ಸಾಲದು ಅಂತ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಹೇಳಿತು. ಅವರು ಹೆರಿಗೆ ಮಾಡಿಸುವುದನ್ನೇ ನಿಲ್ಲಿಸಬೇಕಾಯಿತು. ದಿನ ತುಂಬುತ್ತಿದ್ದ ಹೆಂಗಸರು ಪೇಚಿಗೆ ಸಿಕ್ಕಿದರು. ಒಂದು ವಿಮೆ ಇಲ್ಲದೆ ಇನ್ನೊಂದು ನಿಲ್ಲಲ್ಲ. ಎರಡೂ ನಿಮ್ಮ ಕೈಯಲ್ಲೇ ಇವೆ.

ಹಾಗಾದರೆ ಏನು ಬರೆಯಬೇಕು? ಹೆರಿಗೆ ವೆಚ್ಚದ ವ್ಯಾಖ್ಯೆಯಲ್ಲಿ ಆಸ್ಪತ್ರೆಗೆ ದಾಖಲಾದಾಗ ಅನ್ನುವುದರ ಜತೆಗೆ, ನೋಂದಾಯಿತ ಮಿಡ್‌ವೈಫ್ ಅಥವಾ ಡಾಕ್ಟರು ಬರ್ತ್ ಸೆಂಟರ್‌ನಲ್ಲಾಗಲಿ ಮನೆಯಲ್ಲಾಗಲಿ ಯೋಜಿಸಿ ಮಾಡಿಸಿದ ಹೆರಿಗೆಯನ್ನೂ ಸೇರಿಸಿ. ಹೆರಿಗೆ ತಜ್ಞರು ಕಡಿಮೆ ಅಪಾಯದ್ದು ಅಂತ ಕೊನೆಯ ವಾರಗಳಲ್ಲಿ ಬರೆದು ಕೊಡಲಿ. ಅವಳಿ ಮಕ್ಕಳು, ಬಿಪಿ, ಹಿಂದೆ ಸಿಸೇರಿಯನ್ ಆದವರು, ಇವರಿಗೆಲ್ಲ ಇದು ಬೇಡ. ಶುರುವಿನಲ್ಲಿ ಎರಡನೇ ಹೆರಿಗೆಯವರಿಗೆ ಮಾತ್ರ ಕೊಟ್ಟರೂ ನಾನು ಜಗಳ ಆಡಲ್ಲ. ತರಬೇತಾದವರು ಇಬ್ಬರಿರಲಿ. ಕರೆದುಕೊಳ್ಳಲು ಒಪ್ಪಿದ ಆಸ್ಪತ್ರೆಯ ಹೆಸರು ಮೊದಲೇ ಪಾಲಿಸಿ ಕಾಗದದಲ್ಲಿರಲಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಏನು ಅಂತ ಮೇಲೆ ಹೇಳಿದ್ದೇನೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿಸಿ. ಮಗುವಿಗೆ ಹುಟ್ಟಿದ ಗಳಿಗೆಯಿಂದಲೇ ರಕ್ಷಣೆ ಇರಲಿ. ಪ್ರತಿ ಹೆರಿಗೆಯ ದಾಖಲೆ, ಒಳ್ಳೆಯದಾದದ್ದೂ ಕೆಟ್ಟದಾದದ್ದೂ, ನಿಮ್ಮ ಹತ್ತಿರ ಬರಲಿ. ನಮ್ಮ ದೇಶದ ಅಂಕಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮೂರು ನಾಲ್ಕು ವರ್ಷ ಕೆಲವೇ ನಗರಗಳಲ್ಲಿ ಮಾಡಿ ನೋಡಿ, ಅಂಕಿ ತಾನೇ ಬರುತ್ತದೆ. ಕೆಟ್ಟದಾಗಿ ಬಂದರೆ ನಿಲ್ಲಿಸಿ. ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಬೇರೆ ಬೇರೆ ಮಿತಿ ಇಡುವುದನ್ನಂತೂ ಇದ್ಯಾವುದಕ್ಕೂ ಕಾಯದೆ ಈಗಲೇ ತೆಗೆಸಿ.

2047ರ ಹೊತ್ತಿಗೆ ಎಲ್ಲರಿಗೂ ವಿಮೆ ಅನ್ನುವುದು ನಿಮ್ಮದೇ ಘೋಷಣೆ. 2025ರ ಸೆಪ್ಟೆಂಬರ್‌ನಿಂದ ಸ್ವಂತ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಹೋಯಿತು, ಖುಷಿ. ನಮ್ಮ ಗುಂಪು ಪಾಲಿಸಿ ಪ್ರತಿ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಮಿಡ್‌ವೈಫ್ ಖರ್ಚು ಸೇರಿಸಿ ಅಂತ ಈ ಸಲ ಬ್ರೋಕರ್‌ಗೆ ಬರೆದು ಕೇಳಿದೆ. ನಿಯಂತ್ರಕರು ಬರೆದರೆ ನಾಳೆಯೇ ಸೇರಿಸುತ್ತೇವೆ ಮೇಡಂ ಅಂದರು. ಸಹೋದ್ಯೋಗಿಯ ಕ್ಲೈಮ್ ಪ್ರತಿ, ಮಿಡ್‌ವೈಫ್ ಬರೆದ ಹಾಳೆಗಳ ಸಮೇತ, ಅವರ ಒಪ್ಪಿಗೆಯೊಂದಿಗೆ ನಿಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ಏಪ್ರಿಲ್‌ಗೆ ಮುಂಚೆ ಉತ್ತರ ಬಂದರೆ ಬ್ರೋಕರ್‌ಗೆ ತೋರಿಸಲು ಅನುಕೂಲ.

ಇಂತಿ,
ಗುಂಪು ವಿಮೆಯ ಕಾಗದ ನೋಡುವ ಒಬ್ಬ ಉದ್ಯೋಗಿ
ಬೆಂಗಳೂರು